ಹತ್ತನೇ ಕ್ಲಾಸಿಗೆ ಕಂತಿನ ಲೆಕ್ಕ ಹೀಗೆ ಹೇಳಿಕೊಡಿ

ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಸರ್, ಟೀಚರ್‌ಗಳಿಗೆ ಒಂದು ಸಲಹೆ. ಸಮಾಂತರ ಶ್ರೇಢಿ ಪಾಠ ಮುಗಿದ ಮೇಲೆ ಒಂದು ಪಿರಿಯಡ್ ಮೊಬೈಲ್ ಕಂತಿನ ಲೆಕ್ಕಕ್ಕೆ ಇಡಿ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಮೊಬೈಲ್ ನೋಡಿ ಬಂದ ಹುಡುಗರು ತಾವೇ ಕಿವಿ ಕೊಡುತ್ತಾರೆ.

ಬೋರ್ಡ್ ಮೇಲೆ ಬರೆಯಿರಿ: ಸಾಲ 12,000 ರೂಪಾಯಿ, ಒಂದು ವರ್ಷ, ಫ್ಲಾಟ್ ಬಡ್ಡಿ (ಅಂದರೆ ಪೂರ್ತಿ ಅವಧಿಗೂ ಮೊದಲ ಸಾಲದ ಮೇಲೇ ಹಾಕುವ ಬಡ್ಡಿ) ಶೇ. 12. ಬಡ್ಡಿ 1,440, ತಿಂಗಳ ಕಂತು 1,120. ಇಷ್ಟು ಎಲ್ಲರೂ ಮಾಡುತ್ತಾರೆ. ಈಗ ಕೇಳಿ, ವರ್ಷಪೂರ್ತಿ 12,000 ಸಾಲ ಹಾಗೇ ಇರುತ್ತಾ? ಇಲ್ಲ ಅಲ್ವಾ. ತಿಂಗಳಿಗೆ 1,000 ಅಸಲು ತೀರುತ್ತಾ ಹೋಗುತ್ತದೆ. 12,000, 11,000, 10,000... ಕೊನೆಗೆ 1,000. ಕೂಡಿಸಿದರೆ 78,000. ಹನ್ನೆರಡರಿಂದ ಭಾಗಿಸಿದರೆ ಸರಾಸರಿ ಸಾಲ 6,500. ಅದರ ಮೇಲೆ 1,440 ಬಡ್ಡಿ ಅಂದರೆ ಶೇ. 22ರ ಹತ್ತಿರ! ಇಲ್ಲಿ ಅವಸರ ಮಾಡಬೇಡಿ, ಮಕ್ಕಳೇ ಕೂಡಿಸಲಿ.

ಆಮೇಲೆ ಕೈಸಾಲದ ‘ನೂರಕ್ಕೆ ಮೂರು’ ತಗೊಳ್ಳಿ. ಅದು ತಿಂಗಳ ಬಡ್ಡಿ, ವರ್ಷಕ್ಕೆ ಶೇ. 36. ಆದರೆ ಯಾರ ಮನೆಯ ಸಾಲವನ್ನೂ ಕ್ಲಾಸಿನಲ್ಲಿ ಕೇಳಬೇಡಿ, ಮಕ್ಕಳಿಗೆ ಮುಜುಗರ ಆಗುತ್ತದೆ. ಉದಾಹರಣೆ ನೀವೇ ಕೊಡಿ. ಮೊಬೈಲ್ ಕಂತಿನಲ್ಲಿ ಪ್ರೊಸೆಸಿಂಗ್ ಫೀ (ಸಾಲ ಕೊಡುವಾಗ ಹಿಡಿಯುವ ಶುಲ್ಕ) ಇದ್ದರೆ ಅದನ್ನೂ ಬಡ್ಡಿಗೆ ಸೇರಿಸಿಯೇ ಸರಾಸರಿ ಸಾಲದಿಂದ ಭಾಗಿಸಲು ಹೇಳಿ.