ಮಾವನ ಶಿಕ್ ರೇಝರಿಗೆ ಅರ್ಧ ಬ್ಲೇಡು

ಮಾವನ ರೇಝರಿನ ಕೊನೆಯ ಬ್ಲೇಡು ಮುಗಿದದ್ದು ಹೋದ ವರ್ಷದ ಆಟಿ ತಿಂಗಳಲ್ಲಿ. ಸುರತ್ಕಲ್ಲಿನಲ್ಲಿ ಮೂರು ದಿನದಿಂದ ಬಿಡದ ಮಳೆ. ಬಚ್ಚಲಿನ ಬಲ್ಬಿನ ಕೆಳಗೆ ನಿಂತು ಇಂಜೆಕ್ಟರಿನ, ಅಂದರೆ ಬ್ಲೇಡಿನ ಡಬ್ಬಿಯ, ಮೂತಿಯನ್ನು ರೇಝರಿನ ಪಕ್ಕಕ್ಕೆ ಸಿಕ್ಕಿಸಿ ಗುಂಡಿ ದೂಡಿದೆ. ಹಳೆ ಬ್ಲೇಡು ಆಚೆ ಬಿತ್ತು. ಈಚೆಯಿಂದ ಏನೂ ಬರಲಿಲ್ಲ. ಡಬ್ಬಿ ಖಾಲಿ. ಅರ್ಧ ಮುಖಕ್ಕೆ ಸೋಪು ಹಚ್ಚಿ ಆಗಿತ್ತು.

ಮಾವ ಎಂದರೆ ಅಮ್ಮನ ಅಣ್ಣ. ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ. ನಾನು ಡಿಪ್ಲೊಮಾ ಸೇರಿದ ವರ್ಷ ರಜೆಯಲ್ಲಿ ಬಂದವರು, "ನಿನಗೂ ಮೀಸೆ ಬಂತಲ್ಲ ಮಾರಾಯ" ಎಂದು ತಮ್ಮದೇ ಶಿಕ್ ಇಂಜೆಕ್ಟರ್ ರೇಝರನ್ನು ಕೈಗಿಟ್ಟರು. ಕೆನೆ ಬಣ್ಣದ ಹಿಡಿ, ಚಿನ್ನದ ಬಣ್ಣದ ಪುಟ್ಟ ತಲೆ. ಜೊತೆಗೆ ಬ್ಲೇಡಿನ ಡಬ್ಬಿಗಳು. ಅವು ಮುಗಿದ ಮೇಲೆ ಹೊರದೇಶದಿಂದ ಬರುವವರ ಕೈಯಲ್ಲಿ ತರಿಸಿಕೊಂಡೆ. ಹಾಗೇ ವರ್ಷಗಳು ಹೋದವು.

ಇಂಜೆಕ್ಟರ್ ರೇಝರ್ ನೋಡದವರಿಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಇರುವುದು ಎರಡು ಬಾಯಿಯ ಬ್ಲೇಡಿನ ಮೂರು ತುಂಡಿನ ರೇಝರ್. ಹಿಡಿ ತಿರುಗಿಸಿ ಬಿಚ್ಚಬೇಕು, ಬ್ಲೇಡ್ ಇಟ್ಟು ಮತ್ತೆ ಬಿಗಿಯಬೇಕು. ಇಂಜೆಕ್ಟರಿನಲ್ಲಿ ಬಿಚ್ಚುವುದೇ ಇಲ್ಲ. ಬ್ಲೇಡುಗಳು ಒಂದು ಚಪ್ಪಟೆ ಡಬ್ಬಿಯಲ್ಲಿ ಒಂದರ ಮೇಲೊಂದು ಇರುತ್ತವೆ. ಡಬ್ಬಿಯ ಮೂತಿಯನ್ನು ತಲೆಯ ಪಕ್ಕಕ್ಕೆ ಹಾಕಿ ದೂಡಿದರೆ ಹೊಸತು ಒಳಗೆ ಹೋಗುತ್ತದೆ, ಹಳತು ಆ ಕಡೆ ಹೊರಗೆ ಬೀಳುತ್ತದೆ. ಬಂದೂಕಿಗೆ ಗುಂಡು ತುಂಬಿದ ಹಾಗೆ. ಇದನ್ನು ಯೋಚಿಸಿದ ಜೇಕಬ್ ಶಿಕ್ ಅಮೆರಿಕದ ಸೈನ್ಯದಲ್ಲಿದ್ದವನೇ. 1926ರಲ್ಲಿ ಬಂದ ಅವನ ಮೊದಲ ರೇಝರಿನ ಹೆಸರೂ ಹಾಗೆಯೇ, ಮ್ಯಾಗಝೀನ್ ರಿಪೀಟಿಂಗ್ ರೇಝರ್. ಅದರಲ್ಲಿ ಬ್ಲೇಡುಗಳು ಹಿಡಿಯೊಳಗೇ ಇರುತ್ತಿದ್ದವು. ಬೇರೆ ಡಬ್ಬಿ ಬಂದದ್ದು ಆಮೇಲೆ. ತಮಾಷೆ ಎಂದರೆ ಆತ ಆ ಕಂಪನಿಯ ಪಾಲು ಮಾರಿ, ಬಂದ ದುಡ್ಡನ್ನು ಎಲೆಕ್ಟ್ರಿಕ್ ಶೇವರಿಗೆ ಹಾಕಿದ. ಇಷ್ಟು ಒಳ್ಳೆ ರೇಝರ್ ಮಾಡಿದವನಿಗೇ ಅದು ಸಾಕಾಗಲಿಲ್ಲ.

ಆಟಿಯ ಆ ಬೆಳಗ್ಗೆ ಗಡ್ಡವನ್ನು ಮಗನ ರೇಝರಿನಲ್ಲಿ ತೆಗೆದೆ. ಅವನದು ಐದು ಬ್ಲೇಡಿನದು. ಮುಖ ಚೆಂದವೇ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಎರಡು ದಿನದಲ್ಲಿ ಕುತ್ತಿಗೆಯ ಕೂದಲು ಒಳಮುಖ ಬೆಳೆದು ಗುಳ್ಳೆ ಎದ್ದಿತು. ನನ್ನದು ಸುರುಳಿ ಕೂದಲು. ಒಂದೇ ಬ್ಲೇಡಾದರೆ ನನಗೆ ಈ ತೊಂದರೆ ಆಗುವುದಿಲ್ಲ.

ಮೊದಲು ಆನ್‌ಲೈನಿನಲ್ಲಿ ಹುಡುಕಿದೆ. ಇಂಜೆಕ್ಟರ್ ಬ್ಲೇಡ್ ಹೊರಗಿನ ದೇಶಗಳಲ್ಲಿ ಈಗಲೂ ತಯಾರಾಗುತ್ತದೆ. 20 ಬ್ಲೇಡಿನ ಒಂದು ಡಬ್ಬಿ ತರಿಸಿದೆ. ಮಳೆಯಲ್ಲಿ ನೆನೆದು ಬಂತು. ಡಬ್ಬಿಯ ಮೂತಿ ನನ್ನ ರೇಝರಿಗೆ ಸರಿಯಾಗಿ ಕೂರಲೂ ಇಲ್ಲ. ವಾಪಸು ಕಳಿಸುವ ರಗಳೆಯೇ ಬೇಡ ಎಂದು ಬಿಟ್ಟೆ.

ಅಮೆರಿಕದ ಸಪ್ಲೈ ಎಂಬ ಕಂಪನಿ ಇಂಜೆಕ್ಟರ್ ಬ್ಲೇಡ್ ಹಾಕುವ ಹೊಸ ರೇಝರನ್ನೇ ಮಾಡಿತು. ಒನ್‌ಬ್ಲೇಡ್ ಎಂಬ ಇನ್ನೊಂದು ರೇಝರಿಗೆ ಜಪಾನಿನ ಫೆದರ್ ಕಂಪನಿಯ ಬೇರೆ ಜಾತಿಯ ಬ್ಲೇಡ್ ಬೇಕು. ಫೆದರಿನವರದೇ ಆರ್ಟಿಸ್ಟ್ ಕ್ಲಬ್ ಉಂಟು, ಅದು ಸೆಲೂನಿನವರಿಗಾಗಿ ಮಾಡಿದ ದಪ್ಪ ಬ್ಲೇಡು. ಎಲ್ಲವೂ ಒಳ್ಳೆಯವೇ ಇರಬಹುದು. ಆದರೆ ನನ್ನ ತಕರಾರು ರೇಝರಿನದಲ್ಲ, ಬ್ಲೇಡಿನದು. ಮೂಲೆಯ ಅಂಗಡಿಯಲ್ಲಿ ಸಿಗದ ಬ್ಲೇಡನ್ನು ನಂಬಿ ಮತ್ತೊಂದು ರೇಝರ್ ಯಾಕೆ?

ದಾರಿ ಕಂಡದ್ದು ಬೆಂಗಳೂರಿನಲ್ಲಿ, ಅಕ್ಕನ ಮಗನ ಮನೆಯಲ್ಲಿ. ಅವನ ಬಳಿ ಲೀಫ್ ಕಂಪನಿಯ ಟ್ವಿಗ್ ಎಂಬ ರೇಝರ್ ಇತ್ತು. ಅದಕ್ಕೆ ಬೇಕಾದದ್ದು ನಮ್ಮ ಮಾಮೂಲಿ ಎರಡು ಬಾಯಿಯ ಬ್ಲೇಡು, ಉದ್ದಕ್ಕೆ ಅರ್ಧ ಮುರಿದದ್ದು. ಹೊಸ ಬ್ಲೇಡ್ ಹಾಕಿ ನಾನೂ ಒಂದು ಸಲ ಗಡ್ಡ ತೆಗೆದೆ. ಪುಟ್ಟ ತಲೆ, ಮೂಗಿನ ಕೆಳಗೆ ಆರಾಮವಾಗಿ ಹೋಗುತ್ತದೆ. ಮಾವನ ರೇಝರಿನ ತಮ್ಮನ ಹಾಗೆ. "ಬೇಕಾದರೆ ತರಿಸಿಕೊಡ್ತೇನೆ ಮಾವ" ಎಂದ. ಬೇಡ ಎಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಶಿರಾಡಿ ಘಾಟಿಯ ಉದ್ದಕ್ಕೂ ತಲೆಯಲ್ಲಿ ಒಂದೇ ಲೆಕ್ಕ. ಅರ್ಧ ಬ್ಲೇಡು ಟ್ವಿಗ್‌ನಲ್ಲಿ ಕೂರುವುದಾದರೆ ಶಿಕ್‌ನಲ್ಲಿ ಯಾಕೆ ಕೂರಬಾರದು?

ನಾನು ಬೈಕಂಪಾಡಿಯಲ್ಲಿ ಮೆಷಿನ್ ಶಾಪಿನಲ್ಲಿ ಕೆಲಸ ಮಾಡುವವ. ಮರುದಿನವೇ ಮೈಕ್ರೋಮೀಟರ್ ಇಟ್ಟು ಅಳೆದೆ. ಇಂಜೆಕ್ಟರಿನ ಹಳೆ ಬ್ಲೇಡು 0.25 ಮಿಲಿಮೀಟರ್ ದಪ್ಪ. ಮಾಮೂಲಿ ಬ್ಲೇಡು 0.10. ಕೊರತೆ 0.15. ಹಾಗೇ ಹಾಕಿದರೆ ಲೊಡಲೊಡ ಎನ್ನುತ್ತದೆ, ಬಾಗುತ್ತದೆ ಕೂಡ. ಇಂಜೆಕ್ಟರಿನ ಗುಟ್ಟು ಇರುವುದೇ ಆ ದಪ್ಪದಲ್ಲಿ. ಗಟ್ಟಿ ಬ್ಲೇಡು ಕೂದಲಿಗೆ ತಾಗಿದಾಗ ನಡುಗುವುದಿಲ್ಲ. ಚಿನ್ನದ ಬಣ್ಣ, ಕೆನೆ ಬಣ್ಣ ಎಲ್ಲ ಸುಮ್ನೆ.

ಬ್ಲೇಡ್ ಮುರಿಯುವುದನ್ನು ಸೆಲೂನಿನ ಅಣ್ಣನಿಂದ ಕಲಿತೆ. ಅವರು ಪ್ರತಿ ಗಿರಾಕಿಗೂ ಹೊಸ ಅರ್ಧ ಬ್ಲೇಡನ್ನೇ ಹಾಕುವುದು. ದಿನಕ್ಕೆ ಎಷ್ಟು ಮುರಿಯುತ್ತಾರೋ ಏನೋ, ಕೈ ನೋಡುವುದೇ ಇಲ್ಲ. "ಕಾಗದ ಬಿಚ್ಚಬೇಡಿ ಮಾರಾಯ್ರೆ, ಕಾಗದದೊಳಗೇ ಮಡಚಿ" ಎಂದರು. ಎರಡೂ ಬಾಯಿ ಒಂದರ ಮೇಲೊಂದು ಬರುವ ಹಾಗೆ ಉದ್ದಕ್ಕೆ ಮಡಚಿದರೆ ಟಕ್ ಎಂದು ಎರಡಾಗುತ್ತದೆ. ಅವರ ಕತ್ತಿಯನ್ನೇ ಮನೆಗೆ ತಂದು ಪ್ರಯತ್ನ ಮಾಡಿದ್ದೂ ಉಂಟು. ಗಲ್ಲದ ಬಳಿ ಒಂದು ಗಾಯ, ಕಿವಿಯ ಬಳಿ ಇನ್ನೊಂದು. ಮರುದಿನ ವಾಪಸು ಕೊಟ್ಟೆ. ಅವರು ನಕ್ಕರು, ಮಾತಾಡಲಿಲ್ಲ.

ಮುರಿದ ಅರ್ಧದ ಎರಡು ತುದಿಯಲ್ಲೂ ಕಿವಿಯ ಹಾಗೆ ಚೂರು ಉಳಿಯುತ್ತದೆ. ಶಿಕ್ ತಲೆಯಿಂದ ಅದು ಹೊರಗೆ ಚಾಚುತ್ತದೆ, ಕೆನ್ನೆಗೆ ಅಪಾಯ. ಹಳೆ ಕತ್ತರಿಯಲ್ಲಿ ಕತ್ತರಿಸಬೇಕು. ಮೊದಲ ಸಲ ಆ ಚೂರು ಹಾರಿ ಹೋಗಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿತು. ಅಂದಿನಿಂದ ಕನ್ನಡಕ ಹಾಕಿಯೇ ಕತ್ತರಿಸುವುದು, ಅದೂ ಒದ್ದೆ ಬಟ್ಟೆಯ ಒಳಗೆ.

ಇನ್ನು ಆ 0.15. ಶಾಪಿನಲ್ಲಿ ಮುರಿದ ಫೀಲರ್ ಗೇಜ್ ಒಂದು ಬಿದ್ದಿತ್ತು. ಬೈಕಿನವರು ಟ್ಯಾಪೆಟ್ ಸೆಟ್ ಮಾಡುವಾಗ ಸಂದಿ ಅಳೆಯಲು ಇಡುತ್ತಾರಲ್ಲ, ತೆಳು ಉಕ್ಕಿನ ಎಲೆಗಳ ಕಟ್ಟು, ಅದೇ. ಅದರಲ್ಲಿ 0.15 ಎಂದು ಬರೆದ ಎಲೆಯೇ ಉಂಟು! ಕತ್ತರಿಸಿ ಬ್ಲೇಡಿನ ಅಡಿಗೆ ಇಟ್ಟು ಒಟ್ಟಿಗೆ ತಲೆಯೊಳಗೆ ಜಾರಿಸಿದೆ. ಬಿಗಿಯಾಗಿ ಕೂತಿತು. ಎಷ್ಟು ಖುಷಿಯೆಂದರೆ ಊಟದ ಬಿಡುವಿನಲ್ಲೇ ಶಾಪಿನ ನಲ್ಲಿಯ ಬಳಿ ಗಡ್ಡ ತೆಗೆಯಲು ಹೊರಟೆ. ತೆಗೆಯಲಿಲ್ಲ ಅನ್ನಿ, ಕೆರೆದುಕೊಂಡೆ. ಉರಿ ಎಂದರೆ ಉರಿ.

ಯಾಕೆ ಹಾಗಾಯಿತು ಎಂದು ತಿಳಿಯಲು ಎರಡು ದಿನ ಹಿಡಿಯಿತು. ಚಿತ್ರ ಬರೆದು ನೋಡಿದೆ. ದಪ್ಪ ಬ್ಲೇಡಿನ ಅಲಗು ಅದರ ದಪ್ಪದ ನಡುವೆ ಇರುತ್ತದೆ. ಅಂದರೆ ರೇಝರಿನ ತಲೆಯ ಮೇಲಿನ ತಗಡಿನಿಂದ 0.125 ಕೆಳಗೆ. ತೆಳು ಬ್ಲೇಡನ್ನು ಮೇಲಿನ ತಗಡಿಗೇ ಅಂಟಿಸಿ ಇಟ್ಟರೆ ಅದರ ಅಲಗು 0.05 ಮಾತ್ರ ಕೆಳಗೆ. 0.075 ಮಿಲಿಮೀಟರ್ ಮೇಲೆ ಹೋಯಿತು. ಒಂದು ಕೂದಲಿನ ದಪ್ಪ, ಅಷ್ಟೇ. ಆದರೆ ಕತ್ತರಿಸಬೇಕಾದದ್ದೂ ಕೂದಲನ್ನೇ ಅಲ್ವಾ! ಅಲಗಿಗೂ ತಲೆಯ ಕೆಳಗಿನ ಅಂಚಿಗೂ ನಡುವೆ ಆ ಕೂದಲಿನಷ್ಟು ಸಂದಿ ಜಾಸ್ತಿಯಾಗಿ ಚರ್ಮ ಒಳಗೆ ಉಬ್ಬುತ್ತಿತ್ತು. ಎಲೆಯನ್ನು ತೆಗೆದು ಬ್ಲೇಡಿನ ಮೇಲೆ ಇಟ್ಟೆ. ಈಗ ಅಲಗು ದಪ್ಪ ಬ್ಲೇಡಿನ ಅಲಗು ಇರುತ್ತಿದ್ದ ಜಾಗಕ್ಕಿಂತ ಒಂದು ಕೂದಲು ಕೆಳಗೆ. ಉರಿ ಹೋಯಿತು. ಬದಲಿಗೆ ಕರ್ರ್ ಎಂದು ಸದ್ದು, ಬ್ಲೇಡು ನಡುಗುತ್ತಿತ್ತು. ಎಲೆ ಅಲಗಿನಿಂದ ಎರಡು ಮಿಲಿಮೀಟರ್ ಹಿಂದೆ ನಿಂತದ್ದೇ ಅದಕ್ಕೆ ಕಾರಣ. ಟ್ವಿಗ್‌ನಲ್ಲಿ ಬ್ಲೇಡನ್ನು ಅಲಗಿನ ಹತ್ತಿರದ ತನಕ ಅಮುಕಿ ಹಿಡಿದಿರುತ್ತಾರೆ. ಅದನ್ನು ನೋಡಿಯೂ ನನಗೆ ಹೊಳೆದಿರಲಿಲ್ಲ.

ಫೀಲರ್ ಗೇಜಿನ ಉಕ್ಕು ಒಂದೇ ವಾರದಲ್ಲಿ ತುಕ್ಕು ಹಿಡಿಯಿತು, ನಮ್ಮ ಕಡಲ ಬದಿಯ ಗಾಳಿಗೆ ಅದು ಸಹಜ. ಮಂಗಳೂರು ಬಂದರಿನ ಹಾರ್ಡ್‌ವೇರ್ ಅಂಗಡಿಯಿಂದ ಹಿತ್ತಾಳೆಯ ಶಿಮ್ ಶೀಟ್, ಅಂದರೆ ಸಂದಿ ತುಂಬಲು ಇಡುವ ತೆಳು ತಗಡು ತಂದೆ, ಅದೇ 0.15ರದ್ದು. ಅಲಗಿನಿಂದ ಅರ್ಧ ಮಿಲಿಮೀಟರಿಗೆ ಸ್ವಲ್ಪ ಹೆಚ್ಚು ಹಿಂದೆ ನಿಲ್ಲುವ ಹಾಗೆ ಕತ್ತರಿಸಿ, ಅಂಚನ್ನು ಎಮರಿ ಪೇಪರಿನಲ್ಲಿ ತಿಕ್ಕಿದೆ. ಬ್ಲೇಡಿಗೂ ಹಿತ್ತಾಳೆಗೂ ನಡುವೆ ಫೆವಿಕ್ವಿಕ್‌ನ ಎರಡು ಚುಕ್ಕಿ. ಎರಡೂ ಸೇರಿ ಒಂದೇ ದಪ್ಪ ಬ್ಲೇಡಾಯಿತು. ತಲೆಯೊಳಗೆ ದೂಡಲು ಡಬ್ಬಿ ಇಲ್ಲವಲ್ಲ, ಐಸ್ ಕ್ಯಾಂಡಿಯ ಕಡ್ಡಿ ಸಾಕು. ಕ್ಯಾಂಡಿ ತಿನ್ನಲು ಒಂದು ನೆಪವೂ ಆಯಿತು, ಗಡ್‌ಬಡ್ ಐಸ್‌ಕ್ರೀಮ್ ತಿಂದರೆ ಕಡ್ಡಿ ಸಿಗುವುದಿಲ್ಲ. ಬ್ಲೇಡು ಸವೆದ ಮೇಲೆ ಹೊರಗೆಳೆದು ಹೆಂಡತಿಯ ನೇಲ್ ಪಾಲಿಶ್ ರಿಮೂವರಿನಲ್ಲಿ ಅದ್ದಿಟ್ಟರೆ ಹಿತ್ತಾಳೆ ಬಿಟ್ಟುಕೊಳ್ಳುತ್ತದೆ, ಮುಂದಿನ ಬ್ಲೇಡಿಗೆ ಅದೇ. ಒಟ್ಟು ಐದು ಹಿತ್ತಾಳೆ ಪಟ್ಟಿ ಮಾಡಿಟ್ಟಿದ್ದೇನೆ. "ಎಂಥ ಮಾರಾಯ್ರೆ, ಗಡ್ಡಕ್ಕೆ ಇಷ್ಟು ಇಂಜಿನಿಯರಿಂಗಾ?" ಎಂದಳು ಹೆಂಡತಿ. ರಿಮೂವರಿನ ಬಾಟಲಿ ಈಗ ಬೀಗ ಹಾಕುವ ಕಪಾಟಿನಲ್ಲಿದೆ.

ಮಾವನ ಬ್ಲೇಡಿನ ಹಾಗೆಯೇ ಇದೆಯಾ? ಇಲ್ಲ. ದಪ್ಪ ಬ್ಲೇಡು ಮುಖದ ಮೇಲೆ ಕೂರುವ ರೀತಿಯೇ ಬೇರೆ. ಇದು ಅದಕ್ಕಿಂತ ಚುರುಕು, ಆದರೆ ಬೇಗ ಮೊಂಡಾಗುತ್ತದೆ. ಸೆವೆನ್ ಓ ಕ್ಲಾಕ್ ಬ್ಲೇಡಿನ ಅರ್ಧದಲ್ಲಿ ನನಗೆ ನಾಲ್ಕು ಸಲ, ಅಂದರೆ ಒಂದು ಇಡೀ ಬ್ಲೇಡಿಗೆ ಎಂಟು.

ಇನ್ನೊಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ, ಹಳೆ ಇಂಜೆಕ್ಟರ್ ಇಲ್ಲದವರಿಗೆ ಬೇಕಾಗಬಹುದು. ಅಗ್ಗದ ಮೂರು ತುಂಡಿನ ರೇಝರೊಂದನ್ನು ವೈಸಿನಲ್ಲಿ ಹಿಡಿದು, ತಲೆಯ ಮೇಲಿನ ಮತ್ತು ಕೆಳಗಿನ ತುಂಡಿನ ಒಂದು ಬದಿಯನ್ನು ಹ್ಯಾಕ್ಸಾದಲ್ಲಿ ಐದು ಮಿಲಿಮೀಟರ್ ಕೊಯ್ದೆ. ಬ್ಲೇಡನ್ನೂ ಅದೇ ಬದಿಯಲ್ಲಿ ಕತ್ತರಿಯಿಂದ ಅಷ್ಟೇ ಕತ್ತರಿಸುವುದು. ನಡುವಿನ ತೂತು ಪೂರ್ತಿ ಉಳಿಯಬೇಕು, ಇಲ್ಲದಿದ್ದರೆ ಬ್ಲೇಡು ಸರಿಯಾಗಿ ಕೂರುವುದಿಲ್ಲ. ತಲೆ ಚಿಕ್ಕದಾಯಿತು, ಒಂದೇ ಬಾಯಿ, ಶಿಮ್ಮಿನ ರಗಳೆ ಇಲ್ಲ. ಆದರೆ ಅದರ ಲೋಹ ಝಿಂಕಿನ ಮಿಶ್ರಣ. ಕ್ರೋಮ್ ಹೋದ ಕೊಯ್ದ ಅಂಚಿನಲ್ಲಿ ಬೂದು ಹುಡಿ ಬರಲು ಶುರುವಾಯಿತು. ನೇಲ್ ಪಾಲಿಶ್ ಬಳಿದರೆ ಒಂದು ತಿಂಗಳು ತಡೆಯುತ್ತದೆ. ಹಿತ್ತಾಳೆಯ ರೇಝರ್ ಸಿಕ್ಕಿದರೆ ಕೊಯ್ಯಿರಿ, ಇಲ್ಲದಿದ್ದರೆ ಬೇಡ. ನಾನದನ್ನು ಪ್ರವಾಸದ ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಕಳೆದರೂ ಬೇಜಾರಿಲ್ಲ.

ಮಳೆಗಾಲದಲ್ಲಿ ರೇಝರನ್ನು ಬಚ್ಚಲಲ್ಲಿ ಬಿಡುವುದಿಲ್ಲ. ಕೊಡವಿ, ಬ್ಲೇಡಿನ ಮೇಲೆ ತೆಂಗಿನೆಣ್ಣೆಯ ಒಂದು ಹನಿ ಸವರಿ ಅಡುಗೆಮನೆಯ ಕಿಟಕಿಯಲ್ಲಿ ಇಡುತ್ತೇನೆ. ಸವೆದ ಅರ್ಧಗಳು, ಕತ್ತರಿಸಿದ ಕಿವಿಗಳು ಎಲ್ಲ ಹಳೆಯ ಪೌಡರ್ ಡಬ್ಬಿಗೆ ಹೋಗುತ್ತವೆ. ಮುಚ್ಚಳದಲ್ಲಿ ಹ್ಯಾಕ್ಸಾದಿಂದ ಒಂದು ಸೀಳು ಮಾಡಿದ್ದೇನೆ. ಕಸದ ಗಾಡಿಯವರು ಕೈ ಹಾಕಿ ಬೇರ್ಪಡಿಸುವುದನ್ನು ದಿನಾ ನೋಡುತ್ತೇನೆ, ಬಿಡಿ ಬ್ಲೇಡು ಹಾಕಲು ಮನಸ್ಸಾಗುವುದಿಲ್ಲ. ಡಬ್ಬಿ ಈಗ ಕಾಲು ಭಾಗ ತುಂಬಿದೆ. ತುಂಬಿದ ಮೇಲೆ ಸೀಳಿಗೆ ಎಂ-ಸೀಲ್ ಮೆತ್ತಿ, ಮೇಲೆ 'ಬ್ಲೇಡು' ಎಂದು ದೊಡ್ಡದಾಗಿ ಬರೆದು ಅವರ ಕೈಗೇ ಕೊಡುವುದು.