ಜಿಟಿ ಅಲ್ಲದ ಜಿಟಿ: ನಾನು ಹಳೆಯ ಮಸ್ಟ್ಯಾಂಗ್ ಕೊಂಡ ಬಗೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದು ಮಿಲ್ಪಿಟಾಸ್‌ನ ಗ್ರೇಟ್ ಮಾಲ್‌ಗೆ ಹೋಗದ ಕನ್ನಡದವರು ಕಡಿಮೆ. ಮಕ್ಕಳಿಗೆ ಶೂ ಕೊಳ್ಳುವುದು, ಊರಿಂದ ಬಂದ ಅಪ್ಪ ಅಮ್ಮನನ್ನು ಮಳೆಗಾಲದಲ್ಲಿ ಒಳಗೇ ವಾಕಿಂಗ್ ಮಾಡಿಸುವುದು, ಎಲ್ಲ ಅಲ್ಲೇ. ಆ ಮಾಲ್ ಮೊದಲು ಫೋರ್ಡ್ ಕಂಪನಿಯ ಕಾರ್ಖಾನೆಯಾಗಿತ್ತು. 1983ರಲ್ಲಿ ಮುಚ್ಚಿತು, 1994ರಲ್ಲಿ ಮಾಲ್ ಆಗಿ ತೆರೆಯಿತು. ಅಲ್ಲಿ ತಯಾರಾದ ಮಸ್ಟ್ಯಾಂಗ್ ಕಾರುಗಳ ಚಾಸಿಸ್ ನಂಬರಿನಲ್ಲಿ ‘ಆರ್’ ಅಕ್ಷರ ಇರುತ್ತದೆ. ಕೊಂಡರೆ ‘ಆರ್’ ಕಾರೇ ಕೊಳ್ಳಬೇಕು ಅನ್ನುವುದು ನನ್ನ ಹಟ. ಇದರಿಂದ ಬೆಲೆಗೆ ನಯಾಪೈಸೆ ವ್ಯತ್ಯಾಸವಾಗುವುದಿಲ್ಲ, ಗೊತ್ತು.

ನನಗೆ ಸಿಕ್ಕ ಜಾಹೀರಾತು ಹೀಗಿತ್ತು: 1965ರ ಫಾಸ್ಟ್‌ಬ್ಯಾಕ್, ಒರಿಜಿನಲ್ ಜಿಟಿ, ನಂಬರ್ ಮ್ಯಾಚಿಂಗ್ ಎಂಜಿನ್, ಜೊತೆಗೆ ಐದು ಗೇರಿನ ಬಾಕ್ಸ್, ಮುಂದೆ ಡಿಸ್ಕ್ ಬ್ರೇಕ್. ಬೆಲೆ 54,000 ಡಾಲರ್. ಫಾಸ್ಟ್‌ಬ್ಯಾಕ್ ಅಂದರೆ ಛಾವಣಿ ಹಿಂದಕ್ಕೆ ಇಳಿಜಾರಾಗಿರುವ ಮಸ್ಟ್ಯಾಂಗ್. ಜಿಟಿ ಅಂದರೆ ಫೋರ್ಡ್ ಕಾರ್ಖಾನೆಯಲ್ಲೇ ಹಾಕಿಕೊಡುತ್ತಿದ್ದ ಸ್ಪೋರ್ಟಿ ಪ್ಯಾಕೇಜ್, ಅದಿದ್ದರೆ ಬೆಲೆ ಹೆಚ್ಚು. ನಂಬರ್ ಮ್ಯಾಚಿಂಗ್ ಅಂದರೆ ಕಾರಿನ ನಂಬರೇ ಎಂಜಿನ್ ಮೇಲೂ ಇರುವುದು, ಅಂದರೆ ಎಂಜಿನ್ ಬದಲಾಗಿಲ್ಲ ಅಂತ. ಕಾರು ಸಾಂಟಾ ಕ್ರೂಜ್ ಕಡೆಯದು. ಸಮುದ್ರದ ಗಾಳಿ ಅಂದ ಕೂಡಲೇ ತುಕ್ಕಿನ ಯೋಚನೆ ಬಂತು. ಮಾರುವವರು ನಲವತ್ತು ಫೋಟೊ ಕಳಿಸಿದರು. ಸಂಜೆ ಬಿಸಿಲಲ್ಲಿ ಹೊಳೆಯುವ ಕೆಂಪು ಬಣ್ಣ, ಗ್ರಿಲ್‌ನಲ್ಲಿ ಫಾಗ್ ಲೈಟ್, ಹಿಂದೆ ಬಂಪರಿನ ಕೆಳಗಿಂದ ಇಣುಕುವ ಎರಡು ಸೈಲೆನ್ಸರ್ ಪೈಪು. ನನಗೆ ಬೇಕಾದ ಮೂರು ಫೋಟೊ ಮಾತ್ರ ಅದರಲ್ಲಿರಲಿಲ್ಲ: ಡ್ರೈವರ್ ಬಾಗಿಲ ಅಂಚಿನ ತಗಡು, ಬಾನೆಟ್ ಕೆಳಗೆ ಎಡ ಮಡ್‌ಗಾರ್ಡಿನ ಒಳಬದಿಯಲ್ಲಿ ಒತ್ತಿದ ನಂಬರು, ಮಾಲೀಕತ್ವದ ಕಾಗದ. ಕೇಳಿದ ಮೇಲೆ ಮೂರನ್ನೂ ಕಳಿಸಿದರು. ಬಾಗಿಲ ತಗಡು ಮಸುಕಾಗಿತ್ತು, ಮಿಕ್ಕೆರಡರ ನಂಬರು ಒಂದೇ. ಅಷ್ಟಾದರೂ ತಾಳೆಯಾಗದಿದ್ದರೆ ಪೆಟ್ರೋಲ್ ಖರ್ಚು ಮಾಡಿ ಹೋಗುತ್ತಲೇ ಇರಲಿಲ್ಲ.

ಈ ಕಾಲದ ಕಾರುಗಳಿಗೆ ಆನ್‌ಲೈನ್ ಹಿಸ್ಟರಿ ರಿಪೋರ್ಟ್ ಪ್ರಯೋಜನಕ್ಕೆ ಬರುವುದಿಲ್ಲ. ಅದು ಕೇಳುವ 17 ಅಕ್ಷರದ ನಂಬರು ಶುರುವಾದದ್ದೇ 1981ರ ಮಾಡೆಲ್‌ನಿಂದ, ಇದರದ್ದು ಬರೀ 11. ಫೋರ್ಡ್ ದಾಖಲೆಯಿಂದ ತೆಗೆದುಕೊಡುವ ಮಾರ್ಟಿ ರಿಪೋರ್ಟ್ ಅಂತ ಒಂದಿದೆ, ಬಹಳ ಒಳ್ಳೆಯದು, ಆದರೆ ಅದೂ 1967ರಿಂದ ಈಚಿನವಕ್ಕೆ. ಹಾಗಾಗಿ 1965ರ ಕಾರಿಗೆ ಕಾರೇ ಸಾಕ್ಷಿ ಹೇಳಬೇಕು. ನಾನು ಚಿಪ್ ಕಂಪನಿಯಲ್ಲಿ ವೆರಿಫಿಕೇಶನ್ ಎಂಜಿನಿಯರ್, ಬೇರೆಯವರು ಸರಿಯಿದೆ ಅಂದದ್ದನ್ನು ಸರಿಯಿಲ್ಲ ಅಂತ ತೋರಿಸುವುದಕ್ಕೇ ಸಂಬಳ. ಈ ಕೆಲಸ ಒಗ್ಗಿತು.

ಹೊರಡುವ ಹಿಂದಿನ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅವರು ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್. “ನೀನು ಹೋಗೋ ಮುಂಚೆ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಹೇಳು. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡು. ಬಿಸಿಯಿದ್ರೆ ಏನೋ ಮುಚ್ಚಿಡ್ತಿದಾರೆ ಅಂತ” ಅಂದರು. ಮುಟ್ಟಿದೆ, ತಣ್ಣಗಿತ್ತು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಹೊಗೆಯಿಲ್ಲ. ಮಾರುವವರು ಎಪ್ಪತ್ತು ದಾಟಿದ ಹಿರಿಯರು, ಬಹಳ ಸಜ್ಜನರು, ಕಾಫಿ ಕೊಟ್ಟರು. ಅದೇ ಕಷ್ಟವಾಯಿತು. ಒರಟು ಮನುಷ್ಯನಾಗಿದ್ದರೆ ಟಾರ್ಚ್ ಹಿಡಿದು ಕಾರಿನಡಿ ತೂರುವುದಕ್ಕೆ ಸಂಕೋಚವಿರುತ್ತಿರಲಿಲ್ಲ.

ಮೊದಲು ನಂಬರು. ಅದು 5ಆರ್09ಸಿ ಅಂತ ಶುರುವಾಗಿ ಆರು ಅಂಕಿಯಲ್ಲಿ ಮುಗಿಯುತ್ತದೆ. 5 ಅಂದರೆ 1965ರ ಮಾಡೆಲ್. ಆರ್ ನಮ್ಮ ಮಿಲ್ಪಿಟಾಸ್. 09 ಅಂದರೆ ಫಾಸ್ಟ್‌ಬ್ಯಾಕ್ (07 ಆಗಿದ್ದರೆ ಹಾರ್ಡ್‌ಟಾಪ್, 08 ಕನ್ವರ್ಟಿಬಲ್). ಐದನೆಯ ಅಕ್ಷರವೇ ಎಂಜಿನ್, ದುಡ್ಡೆಲ್ಲ ಇರುವುದು ಅಲ್ಲಿ. ಟಿ ಅಂದರೆ ಆರು ಸಿಲಿಂಡರ್. ಸಿ ಅಂದರೆ 289 ಘನ ಅಂಗುಲದ ವಿ8 (ಎಂಟು ಸಿಲಿಂಡರ್), ಎರಡು ಬ್ಯಾರಲ್ (ಗಾಳಿ ಹೋಗುವ ಕೊಳವೆ) ಕಾರ್ಬುರೇಟರ್, 200 ಅಶ್ವಶಕ್ತಿ. ಎ ಅಂದರೆ ನಾಲ್ಕು ಬ್ಯಾರಲ್, 225. ಕೆ ಅಂದರೆ 271, ಅದನ್ನು ಹುಡುಕಿಕೊಂಡು ಹೋಗುವವರೇ ಬೇರೆ. ಕಾರ್ಖಾನೆಯವರು ಜಿಟಿ ಪ್ಯಾಕೇಜನ್ನು ಎ ಮತ್ತು ಕೆ ಎಂಜಿನ್‌ಗಳ ಜೊತೆ ಮಾತ್ರ ಕೊಡುತ್ತಿದ್ದರು. ಈ ಕಾರಿನದು ಸಿ.

ಆಮೇಲೆ ಬಾಗಿಲು ತೆರೆದು ತಗಡಿನ ಮೇಲೆ ಬಟ್ಟೆಯಾಡಿಸಿದೆ. ತಾರೀಖಿನ ಜಾಗದಲ್ಲಿ 14ಕೆ. ಇಲ್ಲಿ ಕೆ ಎಂಜಿನ್ ಅಲ್ಲ, ತಿಂಗಳು. ಎ ಜನವರಿ, ಬಿ ಫೆಬ್ರವರಿ ಅಂತ ಹೋಗುತ್ತದೆ, ನಡುವೆ ಐ ಅಕ್ಷರ ಬಿಟ್ಟಿದ್ದಾರೆ, ಹಾಗಾಗಿ ಕೆ ಅಂದರೆ ಅಕ್ಟೋಬರ್. 1965ರ ಮಾಡೆಲ್ ಆದ್ದರಿಂದ 1964ರ ಅಕ್ಟೋಬರ್ 14. ಜಿಟಿ ಪ್ಯಾಕೇಜ್ ಮಾರುಕಟ್ಟೆಗೆ ಬಂದದ್ದು 1965ರ ಏಪ್ರಿಲ್‌ನಲ್ಲಿ. ಮದುವೆಗೆ ಮುಂಚೆಯೇ ಮಗುವಿಗೆ ನಾಮಕರಣವಾದ ಹಾಗೆ. ಯಾರೂ ಏನನ್ನೂ ಅಳಿಸಿರಲಿಲ್ಲ, ಕೆರೆದಿರಲಿಲ್ಲ. ಅರವತ್ತು ವರ್ಷದಿಂದ ಅದೇ ತಗಡು ಅದೇ ಮಾತು ಹೇಳುತ್ತ ಬಾಗಿಲಲ್ಲೇ ಕೂತಿತ್ತು.

ಅಷ್ಟಕ್ಕೇ ಎದ್ದು ಬರಬಹುದಿತ್ತು. ಆದರೆ ನನಗೆ ಜಿಟಿಯೇ ಆಗಬೇಕೆಂದಿರಲಿಲ್ಲ, ಜಿಟಿಯ ಬೆಲೆ ಕೊಟ್ಟು ಬೇರೆಯದನ್ನು ತರಬಾರದು ಅಷ್ಟೇ. ಹಾಗಾಗಿ ಕಾರು ಎತ್ತಿಸಿ ಕೆಳಗೆ ತೂರಿದೆ. ನಿಜವಾದ ಜಿಟಿಯಲ್ಲಿ ಸೈಲೆನ್ಸರ್ ನೇತುಹಾಕಲು ಹಿಂದಿನ ಚಾಸಿಸ್ ರೈಲಿಗೆ ಕಾರ್ಖಾನೆಯಲ್ಲೇ ಬಲಪಡಿಸುವ ಪಟ್ಟಿ ಬೆಸುಗೆ ಹಾಕಿರುತ್ತಾರೆ. ಇಲ್ಲಿ ಇರಲಿಲ್ಲ. ಪೈಪು ಹೊರಬರುವ ತೂತುಗಳ ಅಂಚು ಗರಗಸದಲ್ಲಿ ಕೊಯ್ದ ಹಾಗೆ ಒರಟಾಗಿತ್ತು.

“ನಂಬರ್ ಮ್ಯಾಚಿಂಗ್” ಅನ್ನುವುದನ್ನು ನೋಡೋಣ ಅಂತ ಹಲ್ಲಿನ ಡಾಕ್ಟರರ ಕನ್ನಡಿಯಂಥದ್ದನ್ನು ಸ್ಟಾರ್ಟರ್ ಮೋಟರ್ ಮೇಲೆ ತೂರಿಸಿದೆ. 1965ರ ಮಸ್ಟ್ಯಾಂಗ್‌ಗಳಲ್ಲಿ ಕೆ ಎಂಜಿನ್ ಬಿಟ್ಟರೆ ಬೇರಾವುದರ ಮೇಲೂ ಚಾಸಿಸ್ ನಂಬರ್ ಒತ್ತುತ್ತಿರಲಿಲ್ಲ, ಹಾಗಿರುವಾಗ ಸಿ ಕಾರಿನಲ್ಲಿ ಮ್ಯಾಚ್ ಆಗಲು ನಂಬರಾದರೂ ಎಲ್ಲಿದೆ? ಎಂಜಿನ್ ಎರಕದ ಮೇಲೆ ಮೂಡಿದ ಪಾರ್ಟ್ ನಂಬರು, ತಾರೀಖು, ಇವೆರಡೇ ಗತಿ. ಕನ್ನಡಿಯಲ್ಲಿ ಉಲ್ಟಾ ಕಂಡದ್ದನ್ನು ಫೋಟೊ ತೆಗೆದು ತಿರುಗಿಸಿ ಓದಿದೆ: ಸಿ8ಓಇ-6015-ಎ. ಮೊದಲ ಸಿ ಅಂದರೆ 1960ರ ದಶಕ, 8 ಅಂದರೆ 1968. ಅದು 302 ಎಂಜಿನ್ನಿನ ಬ್ಲಾಕ್. ಹೊರಗಿಂದ 289ಕ್ಕೂ 302ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಒಳಗೆ ಪಿಸ್ಟನ್ನಿನ ಓಟ ಸ್ವಲ್ಪ ಹೆಚ್ಚು. ಏರ್ ಕ್ಲೀನರ್ ಮೇಲಿನ 289 ಸ್ಟಿಕ್ಕರ್ ಮಾತ್ರ ಫಳಫಳ ಹೊಳೆಯುತ್ತಿತ್ತು.

ಎರಡನೇ ಸಲ ಹೋದಾಗ ಹೆಂಡತಿಯನ್ನೂ ಕರೆದುಕೊಂಡು ಹೋದೆ, ನೀರಿನ ಪರೀಕ್ಷೆಗೆ ಇಬ್ಬರು ಬೇಕು. ಈ ಕಾರುಗಳಲ್ಲಿ ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಬರುವ ಸೀಳುಗಳಿವೆ. ಅದರ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ಎಲೆ, ಕಸ ಕೂತು ತೇವ ಹಿಡಿದು ಒಳಗಿಂದೊಳಗೇ ತುಕ್ಕು ತಿನ್ನುತ್ತದೆ. ಹೊರಗೆ ಎಷ್ಟು ಚೆನ್ನಾಗಿ ಪೇಂಟ್ ಹೊಡೆಸಿದರೂ ಅದು ಕಾಣುವುದಿಲ್ಲ. ನಾನು ಮೇಲಿಂದ ಪೈಪಿನಲ್ಲಿ ನೀರು ಬಿಟ್ಟೆ, ಅವಳು ಒಳಗೆ ಕಾಲಿಡುವ ಜಾಗಕ್ಕೆ ಬಗ್ಗಿ ಟಾರ್ಚ್ ಹಿಡಿದಳು. ಅರ್ಧ ನಿಮಿಷ ಕೂಡ ಆಗಿರಲಿಲ್ಲ. “ರೀ, ನಿಲ್ಲಿಸಿ, ನನ್ನ ಚಪ್ಪಲಿ ಮೇಲೇ ಬೀಳ್ತಿದೆ!” ಎಡಗಡೆ. ಅದನ್ನು ಸರಿಮಾಡಲು ಗಾಜು, ಮಡ್‌ಗಾರ್ಡ್ ಎಲ್ಲ ಬಿಚ್ಚಿ ಬೆಸುಗೆ ಕತ್ತರಿಸಬೇಕು. ತಗಡಿಗಿಂತ ಕೂಲಿ ಜಾಸ್ತಿ. ಬಣ್ಣದ ದಪ್ಪ ಅಳೆಯುವ ಮೀಟರ್ ಆಡಿಸಿದರೆ ಬಲಗಡೆ ಹಿಂದಿನ ಚಕ್ರದ ಸುತ್ತ ಪುಟ್ಟಿ. ಡಿಕ್ಕಿಯ ನೆಲ ಅಂದುಕೊಂಡದ್ದು ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ. ಅದೊಂದು ಹೊಸದಾಗಿತ್ತು, ಪುಣ್ಯ.

ಇನ್ನು ಮಾಡಿಫಿಕೇಶನ್. ಶುದ್ಧ ಒರಿಜಿನಲ್ ಬೇಕೆನ್ನುವವರು ಇಲ್ಲಿ ಮುಖ ಸಿಂಡರಿಸುತ್ತಾರೆ. ನನಗೆ ಹಾಗಿಲ್ಲ. 1966ರವರೆಗೆ ಈ ಕಾರುಗಳ ಬ್ರೇಕಿಗೆ ಒಂದೇ ದಾರಿ; ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಎರಡು ದಾರಿ ಬಂದದ್ದು 1967ರಲ್ಲಿ. ಈ ಕಾರಿಗೆ ಯಾರೋ ಎರಡು ದಾರಿಯ ಮಾಸ್ಟರ್ ಸಿಲಿಂಡರ್, ಡಿಸ್ಕ್ ಎಲ್ಲ ಅಚ್ಚುಕಟ್ಟಾಗಿ ಹಾಕಿದ್ದರು. ಹಳೆ ಆಟೊಮ್ಯಾಟಿಕ್ ತೆಗೆದು ಟಿ5 ಐದು ಗೇರಿನ ಬಾಕ್ಸ್ ಹಾಕಿದ್ದರು, ಹೈವೇನಲ್ಲಿ ಎಂಜಿನ್ ಅರಚುವುದಿಲ್ಲ. ಇವೆಲ್ಲ ಬೋಲ್ಟ್ ಬಿಚ್ಚಿದರೆ ಹಿಂದಕ್ಕೆ ಹೋಗಬಹುದಾದ ಬದಲಾವಣೆ. ಕತ್ತರಿಸಿ ಬೆಸೆದದ್ದಾಗಿದ್ದರೆ ನನ್ನ ಲೆಕ್ಕ ಬೇರೆಯಾಗುತ್ತಿತ್ತು.

ಬೆಲೆ ಕಟ್ಟಿದ್ದು ಹೀಗೆ. ಜಾಹೀರಾತಿನಲ್ಲಿ ಕೇಳುವ ಬೆಲೆ ನೋಡಲೇ ಇಲ್ಲ, ಹರಾಜಿನಲ್ಲಿ ನಿಜಕ್ಕೂ ಮಾರಾಟವಾದವನ್ನು ಮಾತ್ರ ಬರೆದುಕೊಂಡೆ. ಅದೂ ಸಿ ಫಾಸ್ಟ್‌ಬ್ಯಾಕ್‌ಗಳದ್ದು, ಓಡಿಸುವ ಸ್ಥಿತಿಯವು. ಹಳೆ ಕಾರುಗಳ ಇನ್ಶೂರೆನ್ಸ್ ಕಂಪನಿ ಹ್ಯಾಗರ್ಟಿಯ ಬೆಲೆಪಟ್ಟಿಯಲ್ಲಿ 1ರಿಂದ 4ರವರೆಗೆ ದರ್ಜೆಗಳಿವೆ, 1 ಅಂದರೆ ಅತ್ಯುತ್ತಮ. ಮಾರುವವರೆಲ್ಲ ತಮ್ಮದು 2 ಅನ್ನುತ್ತಾರೆ, ನೀರು ಸೋರುವ ಕಾರು ನನ್ನ ಪ್ರಕಾರ 3. ಎಲ್ಲ ಸೇರಿ 38,000 ಅಂತ ಇಟ್ಟುಕೊಂಡೆ. ಗೇರ್‌ಬಾಕ್ಸ್, ಬ್ರೇಕಿಗೆ 3,000 ಕೂಡಿಸಿದೆ. ಹಾಕಿಸಿದವರಿಗೆ ಅದರ ಮೂರರಷ್ಟಾದರೂ ಖರ್ಚಾಗಿರುತ್ತದೆ, ಆದರೆ ಆ ದುಡ್ಡು ಮಾರುವಾಗ ವಾಪಸ್ ಬರುವುದಿಲ್ಲ. ಗಾಜಿನ ಬುಡದ ರಿಪೇರಿಗೆ ಗ್ಯಾರೇಜಿನವರು ಹೇಳಿದ 4,500 ಕಳೆದೆ. 36,500.

ಕಾಗದ ಮುಂದಿಟ್ಟು ಒಂದೊಂದೇ ಫೋಟೊ ತೋರಿಸಿದೆ. ಹಿರಿಯರು ಕನ್ನಡಕ ಹಾಕಿಕೊಂಡು ಬಾಗಿಲ ತಗಡನ್ನು ಬಹಳ ಹೊತ್ತು ನೋಡಿದರು. ಹನ್ನೊಂದು ವರ್ಷದ ಹಿಂದೆ ಅವರೂ ಜಿಟಿ ಅಂತಲೇ, ಜಿಟಿಯ ಬೆಲೆಗೇ ಕೊಂಡಿದ್ದರಂತೆ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಯೋಚಿಸಿ ಹೇಳುತ್ತೇನೆ ಅಂದರು, ಮೂರು ವಾರ ಸುದ್ದಿಯಿಲ್ಲ. ಬೇರೆ ಇಬ್ಬರು ಬಂದು ನೋಡಿ ಹೋದರಂತೆ, ಅವರಿಗೆ ಇವರೇ ತಗಡು ತೋರಿಸಿದರಂತೆ. ಕೊನೆಗೆ 37,000ಕ್ಕೆ ಮುಗಿಯಿತು. ಆ 500 ನನ್ನ ಸಂಕೋಚದ ಬಾಬ್ತು.

ಇನ್ಶೂರೆನ್ಸನ್ನು ಮೊದಲೇ ಒಪ್ಪಿದ ಮೊತ್ತಕ್ಕೆ ಮಾಡಿಸಿದೆ, ಫಾರಂನಲ್ಲಿ “ಸಿ ಕೋಡ್ ಫಾಸ್ಟ್‌ಬ್ಯಾಕ್, 302 ಎಂಜಿನ್, ಬದಲಾಯಿಸಿದ್ದು” ಅಂತ ಬರೆಸಿದೆ. 1975 ಮತ್ತು ಅದಕ್ಕಿಂತ ಹಳೆಯ ಮಾಡೆಲ್‌ಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಹೊಗೆ ಪರೀಕ್ಷೆಯಿಲ್ಲ, ಹಾಗಾಗಿ ಎಂಜಿನ್ ಬದಲಾದದ್ದಕ್ಕೆ ಆ ತಲೆನೋವು ಬರಲಿಲ್ಲ. ಜಿಟಿ ಬ್ಯಾಡ್ಜ್ ಎರಡನ್ನೂ ಕಿತ್ತು ಬಿಸ್ಕತ್ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಅವಿದ್ದ ಕಡೆ ಮಡ್‌ಗಾರ್ಡಿನಲ್ಲಿ ಸಣ್ಣ ತೂತುಗಳು ಉಳಿದಿವೆ, ಗಾಜಿನ ಬುಡ ಬಿಚ್ಚಿದಾಗ ಅವನ್ನೂ ಮುಚ್ಚಿಸಬೇಕು.