ನೆಟ್ ಎಲ್ಲಿಯವರೆಗೆ ಬರುತ್ತಿದೆ? ಹಳ್ಳಿ ಮನೆಯ ವೈಫೈ ಸರಿಮಾಡಿದ ನನ್ನ ಅನುಭವ

ನಮ್ಮ ಮನೆ ಶಿರಸಿ ಕಡೆಯ ಒಂದು ಹಳ್ಳಿಯಲ್ಲಿದೆ. ಹಳೇ ಮನೆ, ಚಿರೆಕಲ್ಲಿನ ಗೋಡೆ, ಕೆಲವು ಕಡೆ ಒಂದೂವರೆ ಅಡಿ ದಪ್ಪ. ರಸ್ತೆಯ ಕಂಬದಿಂದ ಹೊರಟ ಫೈಬರ್ ಕೇಬಲ್ ಅಡಿಕೆ ತೋಟ ದಾಟಿ ಜಗಲಿಯ ನೆಟ್ ಪೆಟ್ಟಿಗೆಗೆ (ರೌಟರ್‌ಗೆ) ಬರುತ್ತದೆ. ನಾನು ಇಲ್ಲಿಂದಲೇ ಆಫೀಸ್ ಕೆಲಸ ಮಾಡುತ್ತೇನೆ. ಸಂಜೆಯಾದರೆ ಅಪ್ಪ, ಆಯಿ ಇಬ್ಬರೂ ಬೆಂಗಳೂರಿನಲ್ಲಿರುವ ಅಕ್ಕನ ಜೊತೆ ವಿಡಿಯೋ ಕಾಲ್‌ನಲ್ಲಿ ಕೂರುತ್ತಾರೆ. "ತಮಾ, ನೆಟ್ ಬತ್ತಿಲ್ಲೆ" ಅಂತ ಒಳಗಿನಿಂದ ಕೂಗು ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಏಳಲೇಬೇಕು.

ತೊಂದರೆ ಎರಡು ತರಹ ಇತ್ತು. ಒಳಕೋಣೆಯಲ್ಲಿ ವಿಡಿಯೋ ಯಾವಾಗಲೂ ತಡವರಿಸುತ್ತಿತ್ತು. ಅದರ ಜೊತೆಗೆ, ಕೆಲವು ದಿನ ಇಡೀ ಮನೆಗೇ ನೆಟ್ ಹೋಗುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನೇ ಬರುತ್ತಿತ್ತು. ಮನೆಯವರಿಗೆ ಎರಡೂ ಒಂದೇ ಕಾಯಿಲೆ. ಆದರೆ ಇವು ಬೇರೆ ಬೇರೆ ಇರಬಹುದು ಅಂತ ಇಟ್ಟುಕೊಂಡೇ ಹುಡುಕಲು ಶುರು ಮಾಡಿದೆ.

ಮೊದಲು ಮನೆಯಲ್ಲಿ ಒಂದು ನಿಯಮ ಮಾಡಿದೆ: ನೆಟ್ ಹೋದ ತಕ್ಷಣ ಯಾರೂ ಸ್ವಿಚ್ ಆಫ್ ಮಾಡಿ ಆನ್ ಮಾಡಬಾರದು. ಆಫ್ ಮಾಡಿ ಆನ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ, ನಿಜ. ಆದರೆ ಯಾವ ದೀಪ ಕೆಂಪಗಿತ್ತು, ಪೆಟ್ಟಿಗೆ ಎಷ್ಟು ಹೊತ್ತಿನಿಂದ ಚಾಲೂ ಇತ್ತು, ಒಳಗಿನ ಲಾಗ್‌ನಲ್ಲಿ ಏನು ಬರೆದಿತ್ತು ಎಲ್ಲವೂ ಅದರ ಜೊತೆ ಅಳಿಸಿಹೋಗಬಹುದು. ಮೊದಲು ನೋಡಬೇಕು, ಬರೆದಿಟ್ಟುಕೊಳ್ಳಬೇಕು, ಆಮೇಲೆ ಸ್ವಿಚ್. ಇನ್ನು ಪೆಟ್ಟಿಗೆಯ ಹಿಂದೆ ಸೂಜಿ ಹಾಕಿ ಒತ್ತುವ ರೀಸೆಟ್ ಗುಂಡಿ ಇರುತ್ತದಲ್ಲ, ಅದನ್ನು ಮುಟ್ಟಲೇಬಾರದು. ಅದನ್ನು ಒತ್ತಿ ಹಿಡಿದರೆ ಕಂಪನಿಯವರು ಹಾಕಿಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್, ಎಲ್ಲ ಸೆಟ್ಟಿಂಗ್ ಅಳಿಯುತ್ತವೆ. ಚೂರುಪಾರು ಬರುತ್ತಿದ್ದ ನೆಟ್ ಪೂರ್ತಿ ನಿಲ್ಲುತ್ತದೆ.

ನೆಟ್ ನಮ್ಮ ಫೋನ್ ಮುಟ್ಟುವ ದಾರಿಯಲ್ಲಿ ತುಂಡುಗಳಿವೆ. ಊರಾಚೆಯ ಕಂಪನಿ ಉಪಕರಣದಿಂದ ಮನೆಯ ಪೆಟ್ಟಿಗೆಯವರೆಗೆ ಗಾಜಿನ ಫೈಬರ್. ಪೆಟ್ಟಿಗೆಯಿಂದ ಫೋನ್‌ವರೆಗೆ ಗಾಳಿ, ಅಂದರೆ ವೈಫೈ. ನಮ್ಮಲ್ಲಿ ಫೈಬರ್ ಪೆಟ್ಟಿಗೆ, ರೌಟರ್ ಎರಡೂ ಒಂದೇ. ಕೆಲವರ ಮನೆಯಲ್ಲಿ ಬೇರೆ ಬೇರೆ ಇದ್ದು ನಡುವೆ ಒಂದು ಲ್ಯಾನ್ ಕೇಬಲ್ ಇರುತ್ತದೆ. ನಾನು ಪ್ರತಿ ಸಲ ಕೇಳಿಕೊಂಡ ಪ್ರಶ್ನೆ ಒಂದೇ: ಎಲ್ಲಿಯವರೆಗೆ ಸರಿ ಇದೆ?

ಇದನ್ನು ಕಂಡುಹಿಡಿಯಲು ದುಬಾರಿ ಸಾಮಾನು ಬೇಡ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಲ್ಲಿ ನೇರ ಪೆಟ್ಟಿಗೆಗೆ ಜೋಡಿಸಿ, ವೈಫೈ ಆಫ್ ಮಾಡಿ, ಕಮಾಂಡ್ ಪ್ರಾಂಪ್ಟ್ ತೆರೆದು ಎರಡು ಪಿಂಗ್ ಓಡಿಸಿದೆ. ಪಿಂಗ್ ಅಂದರೆ ಆಚೆ ತುದಿಗೆ ಸಣ್ಣ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತು ಅಂತ ನೋಡುವುದು. ಒಂದು 192.168.1.1ಗೆ, ಅಂದರೆ ನಮ್ಮದೇ ಪೆಟ್ಟಿಗೆಗೆ. ಇನ್ನೊಂದು 8.8.8.8ಗೆ, ಅಂದರೆ ಹೊರಗಿನ ಗೂಗಲ್ ಸರ್ವರ್‌ಗೆ. ತಂತಿಯಲ್ಲಿ ಮೊದಲನೆಯದು 1 ಮಿಲಿಸೆಕೆಂಡ್‌ಗೂ ಕಮ್ಮಿ. ಎರಡನೆಯದು ಮೂವತ್ತರ ಆಸುಪಾಸು, ಒಂದೂ ತಪ್ಪಲಿಲ್ಲ. ಅದೇ ಲ್ಯಾಪ್‌ಟಾಪನ್ನು ಕೇಬಲ್ ತೆಗೆದು ಒಳಕೋಣೆಗೆ ಒಯ್ದರೆ, ನಮ್ಮದೇ ಪೆಟ್ಟಿಗೆಯ ಪಿಂಗ್ ಒಮ್ಮೆ 3, ಒಮ್ಮೆ 280, ಮಧ್ಯೆ ಮಧ್ಯೆ ಉತ್ತರವೇ ಇಲ್ಲ. ಹೊರಗಿನ ಮಾತು ಬಿಡಿ, ಮನೆಯೊಳಗೇ ಸಂಪರ್ಕ ಹರಿದಿತ್ತು. ಈ ಹೊತ್ತಿನಲ್ಲಿ ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಪ್ಲಾನ್ ಹೆಚ್ಚಿಸಿದರೂ ಒಳಕೋಣೆಗೆ ಹನಿಯಷ್ಟೂ ಜಾಸ್ತಿ ಬರುವುದಿಲ್ಲ. ಸ್ಪೀಡ್ ಸಾಲದು ಅಂತ ದೊಡ್ಡ ಪ್ಲಾನ್ ಹಾಕಿಸಿಕೊಂಡವರನ್ನು ನಮ್ಮ ನೆಂಟರಲ್ಲೇ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಬೇಕಿದ್ದದ್ದು ಒಂದು ಲ್ಯಾನ್ ಕೇಬಲ್ ಅಷ್ಟೇ.

ಫೋನ್‌ಗೆ ಒಂದು ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಮನೆಯೆಲ್ಲ ಓಡಾಡಿದೆ. ಅದು ಸಿಗ್ನಲನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಸಂಖ್ಯೆ ಮೈನಸ್‌ನಲ್ಲಿ ಇರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 67ರ ಒಳಗಿದ್ದರೆ ವಿಡಿಯೋ ಕಾಲ್ ಸಲೀಸು, ಮೈನಸ್ 80 ದಾಟಿದರೆ ಕಷ್ಟ. 3 ಡಿಬಿ ಇಳಿದರೆ ಶಕ್ತಿ ಅರ್ಧವಾಗುತ್ತದೆ, 10 ಡಿಬಿ ಇಳಿದರೆ ಹತ್ತನೇ ಒಂದು ಪಾಲು. ಜಗಲಿಯಲ್ಲಿ ಮೈನಸ್ 45 ಇದ್ದದ್ದು ಒಂದು ಗೋಡೆ ದಾಟುವಷ್ಟರಲ್ಲಿ 60 ಆಯಿತು. ಒಳಕೋಣೆಯಲ್ಲಿ 79. ನಮ್ಮ ಪೆಟ್ಟಿಗೆಯ ವೈಫೈ ಅಲೆಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ತರಹ. ಇದು 2.4ರ ಲೆಕ್ಕ. 5 ಗಿಗಾಹರ್ಟ್ಸ್ ಹೆಸರು ಅಲ್ಲಿ ಕಾಣಲೇ ಇಲ್ಲ, ಏಕೆಂದರೆ ಅದು ವೇಗ ಜಾಸ್ತಿ ಕೊಟ್ಟರೂ ಗೋಡೆ ದಾಟುವುದರಲ್ಲಿ ಹಿಂದೆ. ಚಿರೆಕಲ್ಲಿನಲ್ಲಿ ತೂತುಗಳು ಜಾಸ್ತಿ. ಮಳೆಗಾಲದಲ್ಲಿ ಅದು ನೀರು ಹೀರಿಕೊಳ್ಳುತ್ತದೆ, ನೀರು ವೈಫೈ ಅಲೆಗಳನ್ನು ತಿನ್ನುತ್ತದೆ. ಆಷಾಢದಲ್ಲಿ ಅದೇ ಜಾಗದಲ್ಲಿ ಅಳೆದಾಗ ಇನ್ನೂ ಕೆಲವು ಡಿಬಿ ಕಮ್ಮಿ ಸಿಕ್ಕಿತು.

ಪೆಟ್ಟಿಗೆ ಕೂತಿದ್ದ ಜಾಗವೂ ಚೆನ್ನಾಗಿರಲಿಲ್ಲ. ಟಿವಿಯ ಹಿಂದೆ, ನೆಲಕ್ಕೆ ಹತ್ತಿರ, ಪಕ್ಕದಲ್ಲೇ ಕಬ್ಬಿಣದ ಕಪಾಟು. ಲೋಹದ ಹಾಳೆ ಅಲೆಗಳನ್ನು ದಾಟಲು ಬಿಡದೆ ಹಿಂದಕ್ಕೆ ತಳ್ಳುತ್ತದೆ. ಪೆಟ್ಟಿಗೆಯನ್ನು ಆಳೆತ್ತರದ ಗೂಡಿಗೆ ಏರಿಸಿ, ಕಪಾಟಿನಿಂದ ದೂರ ಮಾಡಿದ್ದಕ್ಕೇ ಒಳಕೋಣೆಯ 79 ಇದ್ದದ್ದು 73ಕ್ಕೆ ಬಂತು. ಖರ್ಚು ಏನೂ ಇಲ್ಲ.

ಅಕ್ಕನ ಫ್ಲ್ಯಾಟ್‌ನಲ್ಲಿ ಕಥೆಯೇ ಬೇರೆ. ಅಲ್ಲಿ ಸಿಗ್ನಲ್ ಭರ್ಜರಿ ಇತ್ತು, ಆದರೂ ರಾತ್ರಿ ಎಂಟರ ಮೇಲೆ ನೆಟ್ ತೆವಳುತ್ತಿತ್ತು. ಅನಲೈಸರ್ ತೆರೆದರೆ ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲರ ವೈಫೈ ಒಂದರ ಮೇಲೊಂದು ಬಿದ್ದಿದ್ದವು. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್, ಅಂದರೆ ಅಲೆಗಳ ಓಣಿ, ಮೂರೇ: 1, 6, 11. ಅವಳ ರೌಟರ್ 3ರಲ್ಲಿ ಕೂತು ಎರಡೂ ಕಡೆಯವರ ಗಲಾಟೆ ಕೇಳುತ್ತಿತ್ತು. ಅವಳಿಗೆ 11 ಹಾಕಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್‌ಗೆ ಇಳಿಸಿ, ಫೋನ್ ಟಿವಿಗಳನ್ನೆಲ್ಲ 5 ಗಿಗಾಹರ್ಟ್ಸ್‌ಗೆ ಸೇರಿಸಿದೆ. ಫ್ಲ್ಯಾಟ್‌ನ ತೆಳು ಗೋಡೆಗೆ ಅದು ಸಾಕು. ನಮ್ಮ ಹಳ್ಳಿಯಲ್ಲಿ ಪಕ್ಕದ ಮನೆ ತೋಟದ ಆಚೆ. ಚಾನೆಲ್ ಬದಲಿಸಿದರೂ ಏನೂ ಆಗುವುದಿಲ್ಲ. ಯಾರೋ ಹೇಳಿದ ಉಪಾಯವನ್ನು ಹಾಗೇ ಎತ್ತಿ ಹಾಕಬಾರದು ಅನ್ನುವುದು ಇದಕ್ಕೇ.

ನಮ್ಮ ಗೋಡೆಗೆ ಇರುವ ಮದ್ದು ತಂತಿ ಎಳೆಯುವುದು. ರಿಪೀಟರ್ ಕೊಳ್ಳಿ ಅಂತ ಅಂಗಡಿಯಲ್ಲಿ ಹೇಳಿದರು. ನನಗೆ ಅದರಲ್ಲಿ ಭರವಸೆ ಇಲ್ಲ. ಸಾದಾ ರಿಪೀಟರ್ ಅದೇ ಗಾಳಿಯಲ್ಲಿ ಕೇಳಿ ಅದೇ ಗಾಳಿಯಲ್ಲಿ ಮತ್ತೆ ಹೇಳಬೇಕು, ವೇಗ ಅರ್ಧಕ್ಕೆ ಬರುತ್ತದೆ. ಮೆತ್ತಿನ (ಮಹಡಿಯ) ಮೇಲೆ ಕ್ಯಾಟ್ 6 ಅನ್ನುವ ಲ್ಯಾನ್ ಕೇಬಲ್ ಎಳೆದು ಒಳಕೋಣೆಗೆ ಇಳಿಸಿದೆ. ಈ ಕೇಬಲ್ ನೂರು ಮೀಟರ್‌ವರೆಗೆ ಆರಾಮವಾಗಿ ಕೆಲಸ ಮಾಡುತ್ತದೆ, ನಮಗೆ ಬೇಕಿದ್ದದ್ದು ಅದರ ಕಾಲುಭಾಗವೂ ಇಲ್ಲ. ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಬಗ್ಗಿಸಿದರೆ ಒಳಗೇ ಮುರಿಯುತ್ತದೆ.

ಕೇಬಲ್‌ನ ಕೊನೆಗೆ ಮೂಲೆಯಲ್ಲಿ ಬಿದ್ದಿದ್ದ ಹಳೇ ರೌಟರ್ ಹಾಕಿದೆ. ಹಳೇ ರೌಟರನ್ನು ಸುಮ್ನೆ ಚುಚ್ಚಿದರೆ ಸಾಲದು. ಮೊದಲು ಅದರ ವಿಳಾಸವನ್ನು 192.168.1.2 ಮಾಡಿದೆ, ಇಲ್ಲದಿದ್ದರೆ ಎರಡು ಪೆಟ್ಟಿಗೆಗೂ ಒಂದೇ ವಿಳಾಸವಾಗಿ ಜಗಳ. ಅದರ ಡಿಎಚ್‌ಸಿಪಿ ಆಫ್ ಮಾಡಿದೆ. ಮನೆಯಲ್ಲಿ ವಿಳಾಸ ಹಂಚುವವರು ಒಬ್ಬರೇ ಇರಬೇಕು. ಕೇಬಲನ್ನು ವ್ಯಾನ್ ಪೋರ್ಟ್‌ಗೆ (ಹೊರಗಿನ ನೆಟ್ ಬರುವ ತೂತಿಗೆ) ಹಾಕದೆ ಲ್ಯಾನ್ ಪೋರ್ಟ್‌ಗೇ ಹಾಕಿದೆ. ವೈಫೈ ಹೆಸರು, ಪಾಸ್‌ವರ್ಡ್ ಜಗಲಿಯದ್ದೇ ಕೊಟ್ಟು, ಚಾನೆಲ್ ಮಾತ್ರ ಬೇರೆ ಇಟ್ಟೆ. ಈಗ ಬರುವ ಎಷ್ಟೋ ರೌಟರ್‌ಗಳಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಅಂತಲೇ ಇರುತ್ತದೆ, ಅದನ್ನು ಆರಿಸಿದರೆ ಇಷ್ಟೂ ಕೆಲಸ ತಾನೇ ಆಗುತ್ತದೆ.

ಒಳಕೋಣೆಯಲ್ಲಿ ಲ್ಯಾಪ್‌ಟಾಪನ್ನು ಆ ಕೇಬಲ್‌ಗೇ ಚುಚ್ಚಿ ನೋಡಿದಾಗ ಸಂಪರ್ಕ 1000 ಎಂಬಿಪಿಎಸ್ ಬದಲು 100 ತೋರಿಸಿತು. ನಮ್ಮ ಪ್ಲಾನ್ ಇರುವುದೇ 100, ಬಿಟ್ಟುಬಿಡಬಹುದಿತ್ತು. ಆದರೆ ಈ 100 ಒಂದು ಸುಳಿವು. ಕೇಬಲ್‌ನಲ್ಲಿ ನಾಲ್ಕು ಜೋಡಿ ತಂತಿ ಇರುತ್ತವೆ. 1000ಕ್ಕೆ ನಾಲ್ಕೂ ಬೇಕು, 100ಕ್ಕೆ ಎರಡು ಸಾಕು. ಅಂದರೆ ಯಾವುದೋ ಜೋಡಿ ಪ್ಲಗ್‌ನಲ್ಲಿ ಸರಿಯಾಗಿ ಕೂತಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಇವತ್ತು ಅರ್ಧ ಕೂತದ್ದು ನಾಳೆ ಪೂರ್ತಿ ಬಿಡುತ್ತದೆ. ಕೇಬಲ್ ಟೆಸ್ಟರ್‌ನಲ್ಲಿ ನೋಡಿದರೆ ಕಂದು ಜೋಡಿಯ ದೀಪ ಹತ್ತಲಿಲ್ಲ. ಆ ತುದಿ ಕತ್ತರಿಸಿ ಹೊಸ ಪ್ಲಗ್ ಒತ್ತಿದೆ. ಬಣ್ಣದ ಕ್ರಮ ಎಡದಿಂದ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಆಮೇಲೆ 1000 ಬಂತು. ಒಳಕೋಣೆಯ ವೈಫೈ ಮೈನಸ್ 40ರಲ್ಲಿ ನಿಂತಿತು. ಫೋನ್ ಕೆಲವೊಮ್ಮೆ ದೂರದ ಜಗಲಿಯ ಸಿಗ್ನಲನ್ನೇ ಹಿಡಿದುಕೊಂಡು ಬಿಡುವುದಿಲ್ಲ. ಆಗ ಫೋನ್‌ನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಹತ್ತಿರದ್ದಕ್ಕೆ ಬರುತ್ತದೆ.

ಒಳಗಿನ ಕಾಯಿಲೆ ವಾಸಿಯಾಯಿತು. ಇಡೀ ಮನೆಗೆ ನೆಟ್ ಹೋಗುವುದು ಮಾತ್ರ ನಿಲ್ಲಲಿಲ್ಲ.

ಹಾಗೆ ಹೋದಾಗಲೆಲ್ಲ ಪೆಟ್ಟಿಗೆಯ ದೀಪ ನೋಡಿದೆ. ಫೈಬರ್ ಸಂಪರ್ಕ ತೋರಿಸುವ, ಪಾನ್ ಅಂತ ಬರೆದ ಹಸಿರು ದೀಪ ಮಿನುಗುತ್ತಿತ್ತು, ಎಲ್‌ಓಎಸ್ ಕೆಂಪಗೆ ಹೊಡೆದುಕೊಳ್ಳುತ್ತಿತ್ತು. ಎಲ್‌ಓಎಸ್ ಕೆಂಪು ಅಂದರೆ ಫೈಬರ್‌ನಿಂದ ಬೆಳಕು ಬರುತ್ತಿಲ್ಲ ಅಥವಾ ಸಾಲುತ್ತಿಲ್ಲ. ಆಗ ರೌಟರ್ ಸೆಟ್ಟಿಂಗ್‌ನಲ್ಲಿ ಎಷ್ಟು ತಡಕಾಡಿದರೂ ವ್ಯರ್ಥ. ಬ್ರೌಸರ್‌ನಲ್ಲಿ 192.168.1.1 ತೆರೆದರೆ ನಮ್ಮ ಪೆಟ್ಟಿಗೆಯಲ್ಲಿ ಆಪ್ಟಿಕಲ್ ಪವರ್ ಅಂತ ಒಂದು ಪುಟ ಇದೆ. ಅಲ್ಲಿ ಆರ್‌ಎಕ್ಸ್ ಪವರ್, ಅಂದರೆ ಪೆಟ್ಟಿಗೆಗೆ ಬಂದು ಮುಟ್ಟುವ ಬೆಳಕಿನ ಶಕ್ತಿಯ ಸಂಖ್ಯೆ ಬರುತ್ತದೆ. ಇದೂ ಡಿಬಿಎಂ, ಆದರೆ ಇದು ಬೆಳಕಿನ ಲೆಕ್ಕ. ಮನೆಗಳಿಗೆ ಕೊಡುವ ಸಾಮಾನ್ಯ ಫೈಬರ್ ಪೆಟ್ಟಿಗೆ ಸುಮಾರು ಮೈನಸ್ 27ರವರೆಗೆ ತಡೆಯುತ್ತದೆ, ಅದರಾಚೆ ಬೆಳಕು ಓದಲಾಗುವುದಿಲ್ಲ. ಒಂದೇ ಫೈಬರನ್ನು ಸ್ಪ್ಲಿಟರ್ ಹಾಕಿ ಹಲವು ಮನೆಗೆ ಹಂಚುವುದರಿಂದ ಮೊದಲೇ ಬೆಳಕು ಇಳಿದಿರುತ್ತದೆ. ಎಂಟು ಮನೆಗೆ ಹಂಚಿದರೆ ಸುಮಾರು 10 ಡಿಬಿ ಅಲ್ಲೇ ಖರ್ಚು.

ಒಂದು ನೋಟ್‌ಬುಕ್ ಇಟ್ಟೆ. ದಿನ, ಹೊತ್ತು, ಹವೆ, ಆರ್‌ಎಕ್ಸ್ ಪವರ್. ಗಾಳಿ ಇಲ್ಲದ ದಿನ ಮೈನಸ್ 21. ಗಾಳಿ ಬೀಸಿ ತೋಟ ತೂಗುವ ಹೊತ್ತಿಗೆ 25, 26, ಆಮೇಲೆ ಕೆಂಪು ದೀಪ. ಮಳೆ ಜೋರಾಗಿದ್ದು ಗಾಳಿ ಇಲ್ಲದಿದ್ದರೆ ಏನೂ ಆಗುತ್ತಿರಲಿಲ್ಲ. ಅಂದರೆ ನೀರಿನ ತೊಂದರೆ ಅಲ್ಲ, ಎಲ್ಲೋ ಕೇಬಲ್ ಎಳೆದುಕೊಂಡು ಬಗ್ಗುತ್ತಿದೆ. ಫೈಬರನ್ನು ತೀರಾ ಸಣ್ಣ ಸುತ್ತಿಗೆ ಬಗ್ಗಿಸಿದರೆ ಒಳಗಿನ ಬೆಳಕು ತಿರುವಿನಲ್ಲಿ ಹೊರಗೆ ಸೋರುತ್ತದೆ.

ಮೊದಲು "ನೆಟ್ ಬರ್ತಿಲ್ಲ" ಅಂತ ದೂರು ಕೊಟ್ಟಾಗ ಬಂದು ನೋಡುವ ಹೊತ್ತಿಗೆ ಎಲ್ಲ ಸರಿ ಇರುತ್ತಿತ್ತು, ದೂರು ಮುಚ್ಚಿಹೋಗುತ್ತಿತ್ತು. ಈ ಸಲ ಲೈನ್‌ಮನ್‌ಗೆ ನೋಟ್‌ಬುಕ್‌ನ ಪುಟವನ್ನೇ ಫೋಟೋ ತೆಗೆದು ಕಳಿಸಿ, "ಅಣ್ಣ, ಗಾಳಿ ಬಂದಾಗ ಮಾತ್ರ ಪವರ್ ಇಳೀತಿದೆ, ತೋಟದ ಕಡೆ ಒಮ್ಮೆ ನೋಡೋಣ" ಅಂದೆ. ಮರುದಿನವೇ ಬಂದರು. ಮನೆಯ ತುದಿಯ ಹಸಿರು ಕನೆಕ್ಟರ್ ಬಿಚ್ಚಿ, ಕೆಂಪು ಲೇಸರ್ ಪೆನ್ ಸಿಕ್ಕಿಸಿ, ಇಬ್ಬರೂ ಕಂಬದವರೆಗೆ ನಡೆದೆವು. ಕಂಬದ ಜಾಯಿಂಟ್ ಡಬ್ಬಿಯ ಮುಚ್ಚಳ ತೆಗೆದರೆ, ಒಳಗೆ ಸುತ್ತಿಟ್ಟ ಫೈಬರ್‌ನ ಒಂದು ಮಡಿಕೆ ಕೆಂಪಗೆ ಹೊಳೆಯುತ್ತಿತ್ತು. "ಇಲ್ಲೇ ನೋಡಿ ಸರ್, ಬೆಂಡ್ ಆಗಿದೆ" ಅಂದರು. ಹೊರಗಿನ ಕೇಬಲನ್ನು ಕಂಬಕ್ಕೆ ಬಿಗಿದಿದ್ದ ಕ್ಲಾಂಪ್ ಸಡಿಲವಾಗಿತ್ತು. ತೋಟದಲ್ಲಿ ಅಡಿಕೆ ಸೋಗೆಯೊಂದು ಕೇಬಲ್ ಮೇಲೆ ಜೋತುಬಿದ್ದಿತ್ತು. ಗಾಳಿಗೆ ಸೋಗೆ ತೂಗಿ, ಕೇಬಲ್ ಜಗ್ಗಿ, ಡಬ್ಬಿಯೊಳಗಿನ ಮಡಿಕೆ ಬಿಗಿಯುತ್ತಿತ್ತು. ಅವರು ಆ ಭಾಗ ಕತ್ತರಿಸಿ ಮಶೀನ್‌ನಲ್ಲಿ ಹೊಸದಾಗಿ ಬೆಸೆದು, ಅಗಲ ಸುತ್ತಾಗಿ ಸುತ್ತಿ, ಕ್ಲಾಂಪ್ ಬಿಗಿದರು. ನಾನು ದೋಟಿಯಲ್ಲಿ ಸೋಗೆ ಎಳೆದು ಹಾಕಿದೆ. ಆರ್‌ಎಕ್ಸ್ ಪವರ್ ಮೈನಸ್ 19ಕ್ಕೆ ಬಂತು, ಗಾಳಿಗೂ ಅಲ್ಲಾಡಲಿಲ್ಲ. ಆ ಲೈನ್‌ಮನ್ ಕೆಲಸದ ಮೇಲೆ ನನಗೆ ತುಂಬ ಗೌರವ ಇದೆ. ಮಳೆಯಲ್ಲಿ ಕಂಬ ಹತ್ತಿ, ಕೂದಲೆಳೆಯಷ್ಟು ತೆಳುವಾದ ಗಾಜನ್ನು ಜೋಡಿಸುವುದು ಸಣ್ಣ ಕೆಲಸ ಅಲ್ಲ.

ಒಂದು ಎಚ್ಚರಿಕೆ. ಆ ಕೆಂಪು ಪೆನ್ನಿನ ಬೆಳಕು ಕಾಣುತ್ತದೆ, ಕಂಪನಿಯ ಕಡೆಯಿಂದ ಬರುವ ಬೆಳಕು ಕಾಣುವುದಿಲ್ಲ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್ ಅದು. ಬಿಚ್ಚಿದ ಫೈಬರ್ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ತುದಿಯನ್ನು ಬೆರಳಲ್ಲಿ ಮುಟ್ಟಬೇಡಿ, ಒಂದು ಧೂಳಿನ ಕಣ ಕೂತರೂ ಬೆಳಕು ಇಳಿಯುತ್ತದೆ.

ಆಮೇಲೆಯೂ ಒಂದು ಸಂಜೆ ಕೂಗು ಬಂತು. ದೀಪಗಳೆಲ್ಲ ಹಸಿರು, 8.8.8.8 ಪಿಂಗ್ ಸರಿ, ಆದರೆ ಬ್ರೌಸರ್‌ನಲ್ಲಿ ಯಾವ ಪುಟವೂ ತೆರೆಯುತ್ತಿಲ್ಲ. ಇದು ಡಿಎನ್‌ಎಸ್ ತೊಂದರೆ. ಹೆಸರನ್ನು ವಿಳಾಸ ಮಾಡಿಕೊಡುವ ಕಂಪನಿಯ ಸರ್ವರ್ ಸುಮ್ಮನಾಗಿತ್ತು. ಪೆಟ್ಟಿಗೆಯ ಡಿಎಚ್‌ಸಿಪಿ ಪುಟದಲ್ಲಿ ಡಿಎನ್‌ಎಸ್ ಜಾಗಕ್ಕೆ ಹೊರಗಿನ ಡಿಎನ್‌ಎಸ್ ಸರ್ವರ್‌ಗಳಾದ 1.1.1.1 ಮತ್ತು 8.8.8.8 ಬರೆದು, ಫೋನ್‌ಗಳ ವೈಫೈ ಒಮ್ಮೆ ಆಫ್-ಆನ್ ಮಾಡಿದೆ. ಅಷ್ಟಕ್ಕೇ ಮುಗಿಯಿತು.

ಕರೆಂಟ್ ವಿಷಯಕ್ಕೂ ಕಣ್ಣಿಡಬೇಕು. ಪೆಟ್ಟಿಗೆಯ ಪುಟದಲ್ಲಿ ಅಪ್‌ಟೈಮ್ ಅಂತ, ಎಷ್ಟು ಹೊತ್ತಿನಿಂದ ಚಾಲೂ ಇದೆ ಅನ್ನುವ ಲೆಕ್ಕ ಇರುತ್ತದೆ. ನೀವು ಆಫ್ ಮಾಡದಿದ್ದರೂ ಅದು ಕೆಲವೇ ನಿಮಿಷ ತೋರಿಸಿದರೆ ಪೆಟ್ಟಿಗೆ ತಾನೇ ರೀಸ್ಟಾರ್ಟ್ ಆಗುತ್ತಿದೆ. ನಮ್ಮಲ್ಲಿ ಇನ್ವರ್ಟರ್‌ಗೆ ಬದಲಾಗುವ ಕ್ಷಣದಲ್ಲಿ ಹೀಗಾಗುತ್ತಿತ್ತು. 12 ವೋಲ್ಟ್‌ನ ಮಿನಿ ಯುಪಿಎಸ್ ಹಾಕಿದ ಮೇಲೆ ನಿಂತಿದೆ. ಹಳೇ ಅಡಾಪ್ಟರ್ ಮಲ್ಟಿಮೀಟರ್‌ನಲ್ಲಿ 12 ತೋರಿಸಿದರೂ ನಂಬಬೇಡಿ, ಪೆಟ್ಟಿಗೆಯ ಭಾರ ಬಿದ್ದಾಗ ಇಳಿಯುವುದುಂಟು. ಅಷ್ಟೇ ವೋಲ್ಟ್, ಅಷ್ಟೇ ಅಥವಾ ಜಾಸ್ತಿ ಆಂಪಿಯರ್‌ನ ಬೇರೆ ಅಡಾಪ್ಟರ್ ಹಾಕಿ ನೋಡುವುದೇ ಸರಿಯಾದ ಪರೀಕ್ಷೆ.

ಇನ್ನು ಸಿಡಿಲು. ಮಳೆಗಾಲಕ್ಕೆ ಮುಂಚಿನ ಗುಡುಗು ಮಳೆಯಲ್ಲಿ ನಮ್ಮ ಕಡೆ ಸುಟ್ಟ ಪೆಟ್ಟಿಗೆಗಳಿಗೆ ಲೆಕ್ಕವಿಲ್ಲ. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಏನೂ ಆಗುವುದಿಲ್ಲ ಅಂತ ಜನ ಧೈರ್ಯದಿಂದ ಇರುತ್ತಾರೆ. ಆದರೆ ಹೊರಗಿನ ಕೇಬಲ್‌ಗೆ ಆಧಾರವಾಗಿ ಎಷ್ಟೋ ಕಡೆ ಉಕ್ಕಿನ ತಂತಿ ಇರುತ್ತದೆ, ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಿರಬೇಕು. ಕರೆಂಟ್ ಲೈನ್‌ನಿಂದ ಬರುವ ಹೊಡೆತವಂತೂ ಅಡಾಪ್ಟರ್ ಮೂಲಕ ಒಳಗೆ ಬಂದೇ ಬರುತ್ತದೆ, ಲ್ಯಾನ್ ಕೇಬಲ್ ಹಿಡಿದು ಲ್ಯಾಪ್‌ಟಾಪ್‌ವರೆಗೂ ಹೋಗುತ್ತದೆ. ಹಾಗಾಗಿ ಗುಡುಗು ದೂರದಲ್ಲಿರುವಾಗಲೇ ಎರಡೂ ಪೆಟ್ಟಿಗೆಗಳ ಅಡಾಪ್ಟರ್ ಕೀಳುತ್ತೇವೆ, ಮೆತ್ತಿನ ಲ್ಯಾನ್ ಕೇಬಲನ್ನೂ ಎರಡೂ ತುದಿಯಲ್ಲಿ ಬಿಚ್ಚುತ್ತೇವೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು.